ಹೆಗಡೆಯವರ ವಿಮಾನಕ್ಕೆ ದೀಪ

ಕುಂಯ್... ಟಪ್. ಕುಂಯ್... ಟಪ್.

ಗ್ಯಾರೇಜಿನ ಹಿಂದಿನ ಗೋದಾಮಿನಿಂದ ಮಧ್ಯಾಹ್ನದಿಂದ ಇದೇ ಸದ್ದು. ಬಸ್ಸಿನ ಹೆಡ್‌ಲೈಟ್ ಬಿಚ್ಚುತ್ತಿದ್ದ ಶಿವರಾಮನ ಕೈ ಪ್ರತಿ ಸಲವೂ ಒಂದು ಗಳಿಗೆ ನಿಲ್ಲುತ್ತಿತ್ತು. ಆ ಸದ್ದಿನೊಂದಿಗೆ ಅಲ್ಲಿ ಮಿಂಚುತ್ತಿದ್ದದ್ದು ಅವನು ಹಾಕಿದ ದೀಪವಲ್ಲ.

ಸಾಗರದಿಂದ ಹೊಸನಗರ, ತೀರ್ಥಹಳ್ಳಿಗೆ ಓಡುವ ಖಾಸಗಿ ಬಸ್ಸುಗಳಲ್ಲಿ ಶಿವರಾಮ ವೈರಿಂಗ್ ಮಾಡದವು ಕಡಿಮೆ. ಹೊಸ ಬಸ್ಸು ಮೊದಲ ಸಲ ಹೊರಟಾಗ ಡ್ರೈವರ್ ಪಕ್ಕದ ಸೀಟು ವೈರಿಂಗ್ ಮಾಡಿದವನದು. ಅವನ ಗ್ಯಾರೇಜಿನ ರೂಢಿ ಅದು. ಅವನೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹರಿಪ್ರಸಾದ್ ಹೆಗಡೆ, ಎರಡು ಸೀಟಿನ ಪುಟ್ಟ ವಿಮಾನದ ಬಿಡಿಭಾಗ ತರಿಸಿ ಆ ಗೋದಾಮಿನಲ್ಲಿ ಜೋಡಿಸತೊಡಗಿದಾಗ, "ವೈರಿಂಗೂ ನಿಂದೇ, ಪಕ್ಕದ ಸೀಟೂ ನಿಂದೇ ಮಾರಾಯಾ" ಅಂದಿದ್ದರು. ಅಂದಿನಿಂದ ಶಿವರಾಮ ಕೆಲಸದ ನಡುವೆ ತಲೆಯೆತ್ತಿ ಆಕಾಶ ನೋಡುತ್ತಿದ್ದ.

ಬಸ್ಸಿಗೆ ಹಾಕುವ ಹಾಗೆಯೇ ವಿಮಾನದ ಹಿಂಬದಿಗೆ ಕೆಂಪು ಬ್ಲಿಂಕರ್ ಕೂರಿಸಿದ್ದ. ಹೆಗಡೆಯವರ ಅಕ್ಕನ ಮಗನ ಹೆಂಡತಿ, ವಿಮಾನದ ವೈರಿಂಗನ್ನೇ ಓದಿಕೊಂಡಿದ್ದ ಧನ್ಯಶ್ರೀ, ಬಂದವಳೇ ಅದನ್ನು ನೋಡಿ ನಕ್ಕಳು.

"ಶಿವರಾಮಣ್ಣ, ಇದರ ಹಿಂದೆ ಲಾರಿ ಬರಲ್ಲ. ಪಕ್ಕದಿಂದ, ಮೇಲಿಂದ, ಕೆಳಗಿಂದ ಬರೋ ವಿಮಾನಕ್ಕೂ ಕಾಣಬೇಕು."

"ಒಂದು ಏರ್‌ಹಾರ್ನೂ ಹಾಕಿಬಿಡು" ಎಂದು ಹೆಗಡೆ ಅವಳಿಗಿಂತ ಜೋರಾಗಿ ನಕ್ಕರು.

ಅವಳ ನಗುವನ್ನು ಶಿವರಾಮ ಮರೆತ. ಹೆಗಡೆಯವರದನ್ನು ಮರೆಯಲಾಗಲಿಲ್ಲ. ಆಮೇಲೆ ವೈರಿಂಗ್ ಅವಳ ಕೈಗೆ ಹೋಯಿತು. ಮಾತಿಗೆ ಮೊದಲು ಧನ್ಯಾ, ಚಹಾಕ್ಕೆ ಮೊದಲು ಧನ್ಯಾ. ಸೀಟಿನ ಮಾತು ಯಾರೂ ಎತ್ತಲಿಲ್ಲ.

ಅಂದು ಸಂಜೆಗತ್ತಲಲ್ಲಿ ದೀಪ ನೋಡಲು ಅವನನ್ನೂ ಕರೆದರು. ರೆಕ್ಕೆಗಳ ತುದಿಯಲ್ಲಿ ಅವಳ ಬಿಳಿ ದೀಪಗಳು ಕುಂಯ್ ಎಂದು ತುಂಬಿಕೊಂಡು ಟಪ್ಪೆಂದು ಮಿಂಚುತ್ತಿದ್ದವು. ಚೆಂದವಾಗಿಯೇ ಇದ್ದವು, ಅದೇ ಸಂಕಟ. ಇನ್ನು ತನಗೆ ಸಿಗುವುದು ಹೀಗೆ ನಿಂತ ವಿಮಾನದಲ್ಲಿ ಕೂರುವುದಷ್ಟೇ ಎಂದುಕೊಂಡು ಅವನು ಪಕ್ಕದ ಸೀಟು ಹತ್ತಿ ಕೂತ.

ಟಪ್. ಕಣ್ಣು ಕುರುಡಾಯಿತು. ರೆಕ್ಕೆಗೆ ಆಧಾರ ಕೊಟ್ಟ ಬಿಳಿ ಕಂಬಿಗೆ ಬೆಳಕು ಬಡಿದು ನೇರ ಒಳಗೆ ಬರುತ್ತಿತ್ತು. ಎದುರಿನ ಮೀಟರುಗಳ ಮುಳ್ಳು ಕಾಣಲಿಲ್ಲ. ಹೊರಗೆ ನಿಂತವರಿಗೆ ಇದು ತಿಳಿಯುವಂತಿರಲಿಲ್ಲ.

ಹೇಳಬಾರದು ಅನ್ನಿಸಿತು. ಹಾರಿದ ಮೇಲೆ ಗೊತ್ತಾಗಲಿ, ಇಳಿದು ಬಂದು ಅವಳಿಗೇ ಬೈಯಲಿ. ಇಳಿದು ಬಂದರೆ ತಾನೆ? ಅವನು ಬಾಗಿಲಿನಿಂದ ತಲೆ ಹೊರಹಾಕಿದ.

"ಹೆಗಡೇರೇ, ದೀಪ ಕಣ್ಣಿಗೆ ಹೊಡೀತದೆ. ಮೀಟರ್ ಕಾಣಲ್ಲ."

ಹೆಗಡೆ ಅವನತ್ತ ತಿರುಗಲೇ ಇಲ್ಲ. ಅವನೊಡನೆ ಎಂದೂ ಆಡದ ಮನೆಮಾತಿನಲ್ಲಿ, "ಹೌದನೇ ಧನ್ಯಾ?" ಎಂದು ಕೇಳಿದರು.

ಶಿವರಾಮ ಕೆಳಗಿಳಿದ. ಅವಳು ಹತ್ತಿ ಕೂತಳು.

"ಹೌದು ಮಾವಾ, ಎಂತೂ ಕಾಣ್ತಿಲ್ಲೆ! ದೀಪಕ್ಕೊಂದು ಮರೆ ಕಟ್ಟಬೇಕು, ಕಂಬಿಗೆ ಕಪ್ಪು ಬಳೀಬೇಕು. ಶಿವರಾಮಣ್ಣ, ನೀವು ಹೇಳದೇ ಇದ್ದಿದ್ರೆ... ಮಾವಾ, ಮೊದಲ ಸಲ ಹಾರುವಾಗ ಪಕ್ಕದಲ್ಲಿ ಇವ್ರನ್ನೇ..."

"ಅದನ್ನೇ ನಾನೂ ಹೇಳೋಣ ಅಂತಿದ್ದೆ" ಎಂದರು ಹೆಗಡೆ. " ನೋಡು ಶಿವರಾಮಾ... ಏ, ಮಾರಾಯಾ! ಮಾತು ಮುಗೀಲಿಲ್ಲ, ಎಲ್ಲಿಗೆ ಹೊರಟೆ?"

ತನ್ನ ಮಾತಿಗೆ ಅವಳ ಸಾಕ್ಷಿ ಕೇಳಿದವರ ಪಕ್ಕದ ಸೀಟು ಬೇಡವೆನಿಸಿ, ಶಿವರಾಮ ಬಾಗಿಲು ದಾಟಿ ರಸ್ತೆಗೆ ಇಳಿದಾಗಿತ್ತು.