ಎರಡೂ ಕೈ ಕೇಳುವ ದನಿ

ಸುಗಂಧಿಯ ಕಣ್ಣು ನಲವತ್ತರ ಹೊತ್ತಿಗೆ ಪೂರ್ತಿ ಹೋಯಿತು. ಲಂಡನ್ನಿನ ವೆಂಬ್ಲಿಯ ಫ್ಲ್ಯಾಟಿನ ಅಡುಗೆಮನೆ ಮಾತ್ರ ಅವಳನ್ನು ಬಿಟ್ಟು ಹೋಗಲಿಲ್ಲ. ಗಂಡ ಶೀನಪ್ಪ ಈಲಿಂಗ್ ರೋಡಿನ ಹೋಟೆಲಿನಲ್ಲಿ ದಿನವಿಡೀ ಊರಿಗೆಲ್ಲ ದೋಸೆ ಹುಯ್ಯುತ್ತಿದ್ದ. ಮನೆಯಲ್ಲಿ ಅವನಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ.

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರನ್ನು ಅವಳು ಮೊದಲು ಕಲಿತದ್ದು ಫೋನಿನಲ್ಲಿ. ಗಾಜಿನ ಮೇಲೆ ಬೆರಳಾಡಿಸಿದರೆ ಸಾಕು, ದನಿ ಓದುತ್ತದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟು, ಮಗಳ ಶಾಲೆಯ ಸೂಚನೆ, ದಿನಸಿ. ಮನೆಯವರಿಗೆಲ್ಲ ಆ ತಂತ್ರಜ್ಞಾನ ಬಹಳ ಹಿಡಿಸಿತು.

ಈ ಮಾರ್ಚಿನಲ್ಲಿ ಕ್ಯಾನರಿ ವಾರ್ಫ್‌ನ ಕಂಪನಿಯೊಂದು ಅವಳಿಗೆ ಪರೀಕ್ಷೆ ಕೊಟ್ಟಿತು. ಚಪ್ಪಲಿ ಅಂಗಡಿಯ ವೆಬ್‌ಸೈಟಿನಲ್ಲಿ ಕಣ್ಣು ಕಾಣದವರು ಎಲ್ಲೆಲ್ಲಿ ಮುಗ್ಗರಿಸುತ್ತಾರೆಂದು ಶುಕ್ರವಾರದೊಳಗೆ ಬರೆದು ಕಳಿಸಬೇಕು. ಒಪ್ಪಿಗೆಯಾದರೆ ಮನೆಯಿಂದಲೇ ಮಾಡುವ ನೌಕರಿ. ಅದಕ್ಕೆಂದು ಅವಳು ಲ್ಯಾಪ್‌ಟಾಪಿನ ಸ್ಕ್ರೀನ್ ರೀಡರನ್ನೂ ಕಲಿತಳು. ಕೀಲಿಮಣೆಯ ಕೀಲಿ ಒತ್ತಿದರೆ ಅದು ತಲೆಬರಹದಿಂದ ತಲೆಬರಹಕ್ಕೆ ಹಾರುತ್ತಿತ್ತು, ಪುಟದ ಹುಳುಕನ್ನೆಲ್ಲ ಹೆಕ್ಕಿ ಕೊಡುತ್ತಿತ್ತು. ಆದರೆ ಅದಕ್ಕೆ ಎರಡೂ ಕೈ ಬೇಕು. ಕಿವಿಯೂ ಪೂರ್ತಿ ಬೇಕು.

"ಫೋನಿಂದೇ ಸಾಕಲ್ದಾ ಮಾರಾಯ್ತಿ? ಅಡಿಗೆ ಮಾಡ್ತಾ ಮಾಡ್ಲಕ್ಕ್," ಎಂದ ಶೀನಪ್ಪ.

"ಮಾಡಿ ಕಂಡೆ. ಕುಕ್ಕರ್ ಕೂಗ್ದಾಗೆಲ್ಲ ಎಲ್ಲಿದ್ದೆ ಅಂತ್ಲೇ ಮರ್ತ್ ಹೋತ್ತ್. ಇವತ್ತ್ ಅಡಿಗೆ ನೀವೇ ಮಾಡಿ."

"ಇವತ್ತ್ ನಂಗೆ ರಜೆ ಅಲ್ದಾ?"

"ನಂಗೆ ಕೆಲ್ಸ."

"ಅಪ್ಪಾ, ಯು ಆರ್ ಲಿಟರಲಿ ಎ ಕುಕ್," ಎಂದಳು ಮಗಳು ಪ್ರೇಕ್ಷಾ, ಫೋನಿನಿಂದ ತಲೆ ಎತ್ತದೆ.

ಸುಗಂಧಿ ಊಟದ ಮೇಜಿನ ಮುಂದೆ ಕೂತು ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಬೇಳೆ ಎಲ್ಲಿದೆಯೆಂದು ಶೀನಪ್ಪ ಕೇಳಿದ. ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಿತ್ತು. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿದ, ಬೇಳೆ ಇತ್ತು.

ಬಣ್ಣ ಆರಿಸುವ ಬಟನ್ನುಗಳಿಗೆ ಹೆಸರೇ ಇಲ್ಲ ಎಂದು ಅವಳು ಬರೆದಳು. ಹಣ ಕಟ್ಟುವ ಬಟನ್ನಿಗೆ ಕೀಲಿಯಿಂದ ತಲುಪಲಾಗದು ಎಂದು ಬರೆದಳು. ಯಾವ ಸ್ಕ್ರೀನ್ ರೀಡರ್, ಏಕೆ ಎಂದು ಕೇಳಿದ್ದ ಕಡೆ, "ಎರಡನ್ನೂ ಹೋಲಿಸಿದೆ. ಫೋನಿನದು ಅಡುಗೆ ಮಾಡುತ್ತ ಬಳಸುವವರಿಗೆ ಉತ್ತಮ. ನಾನು ಲ್ಯಾಪ್‌ಟಾಪಿನದನ್ನು ಬಳಸುತ್ತೇನೆ," ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು.

ಮುಂದಿನ ವಾರ ಕೆಲಸ ಸಿಕ್ಕಿತೆಂದು ಇಮೇಲ್ ಬಂತು.

"ಹಂಗಾರೆ ನನ್ನ್ ಅಡಿಗೆ ವಾರಕ್ಕೊಂದ್ ದಿನ ಅಲ್ದಾ?" ಎಂದ ಶೀನಪ್ಪ.

"ಐದ್ ದಿನ," ಎಂದಳು ಸುಗಂಧಿ.

ಶೀನಪ್ಪ ಕುರ್ಚಿ ಎಳೆದುಕೊಂಡು ಕೂತ.