ಜ್ವರಕ್ಕೆ ಕೂತ ಗಿಡಗಳು

ಅವಳ ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಕೋಳಿಪುಕ್ಕ ಇರುತ್ತಿತ್ತು. ಬಿಳಿಯದು, ಬೆರಳುದ್ದದ್ದು, ತುದಿ ಸವೆದು ಕುಂಚದಂತಾದದ್ದು. ಮದುವೆ ಮನೆಗೆ ಹೋಗುವಾಗಲೂ ತೆಗೆಯಲು ಮರೆಯುತ್ತಿದ್ದಳು. ಪಂಕ್ತಿಯಲ್ಲಿ ಯಾರಾದರೂ ನಕ್ಕರೆ ಕೈ ಹಿಂದಕ್ಕೆ ಹಾಕಿ ಮುಟ್ಟಿ ನೋಡಿ, “ಇರ್ಲಿ ಬುಡು, ಅದೂ ಉಣ್ಣಕ್ಕೆ ಬಂದದೆ” ಅನ್ನುತ್ತಿದ್ದಳು.

ಹೊನ್ನೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವಿಲ್ಲದಿದ್ದರೂ ನಾನು ದೊಡ್ಡವ್ವ ಅನ್ನುತ್ತಿದ್ದೆ; ಬೀದಿಯೆಲ್ಲ ಹಾಗೇ ಅನ್ನುತ್ತಿತ್ತು. ಅವಳ ಕಸುಬು ಚಾಕಿ. ಅಂದರೆ, ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡು ಜ್ವರ ದಾಟುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವುದು. ಈ ಜ್ವರ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಹೆಚ್ಚುಕಡಿಮೆ ಒಂದು ದಿನ ಅಲುಗಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ತಟ್ಟೆ ಒಣಗಿರಲಿ ಎಂದು ತೆಳುಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಮೇಲಿಂದ ಉದುರಿಸಬೇಕು. ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಚಾಕಿ ಕೋಣೆಗೆ ಹೋಗಬೇಕಾದರೆ ಕಾಲು ತೊಳೆಯಬೇಕು. ಹೂ ಮುಡಿದಿರಬಾರದು, ಊದುಬತ್ತಿ ಮುಟ್ಟಿದ ಕೈ ಆಗಬಾರದು. ಕೂದಲೆಳೆಯಷ್ಟು ಸಣ್ಣ ಹುಳುಗಳನ್ನು ಅವಳು ಆ ಪುಕ್ಕದಿಂದ ಸೊಪ್ಪಿನ ಮೇಲೆ ಸರಿಸುವಾಗ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಒಂದೂ ಕೆಳಗೆ ಬೀಳುತ್ತಿರಲಿಲ್ಲ.

ಆಮೇಲೆ ಊರಿನಲ್ಲಿ ಕಬ್ಬು ಹೆಚ್ಚಾಯಿತು, ಹಿಪ್ಪುನೇರಳೆ ತೋಟಗಳು ಹೋದವು. ಉಳಿದವರು ಬೇರೆ ಕಡೆಯಿಂದ ಚಾಕಿ ತರಲು ಶುರುಮಾಡಿದರು. ದೊಡ್ಡವ್ವನ ಕೋಣೆ ಖಾಲಿಯಾಯಿತು. ಅಷ್ಟು ಹೊತ್ತಿಗೆ ಅವಳಿಗೆ ಉಬ್ಬಸ ಹತ್ತಿತ್ತು. ವರ್ಷಾನುಗಟ್ಟಲೆ ಆ ಕೋಣೆಯನ್ನು ಔಷಧಿ ಹೊಡೆದು ತೊಳೆದದ್ದರ ಫಲ ಎಂದು ಕೊಳ್ಳೇಗಾಲದ ಡಾಕ್ಟರು ಹೇಳಿದ್ದರು.

ಆ ಡಾಕ್ಟರ ಕ್ಲಿನಿಕ್ಕಿನ ಕಿಟಕಿಯಲ್ಲಿ ಒಂದು ಕುಂಡ ತೂಗುತ್ತಿತ್ತು. ಎಲೆಯ ತುದಿಯಿಂದ ಒಂದು ಬಳ್ಳಿ, ಬಳ್ಳಿಯ ತುದಿಗೆ ಒಂದು ಹೂಜಿ, ಹೂಜಿಗೆ ಮುಚ್ಚಳ. ಚೀಟಿ ಬರೆಯುವ ಹೆಂಗಸು “ಅದು ನೊಣ ಇರುವೆ ತಿನ್ನುತ್ತೆ ಅಮ್ಮ, ಬೆರಳು ಹಾಕ್ಬೇಡಿ” ಅಂದಳಂತೆ. ದೊಡ್ಡವ್ವ ಆಗಲೇ ಬೆರಳು ಹಾಕಿದ್ದಳು.

ಬಸ್ಸಿಳಿದವಳು ಮನೆಗೂ ಹೋಗದೆ ನೇರ ನಾನು ಕೆಲಸ ಮಾಡುವ ಪಂಚಾಯ್ತಿ ಲೈಬ್ರರಿಗೆ ಬಂದಳು. “ಕೂಸೇ, ನಲವತ್ತೊರ್ಸ ನಾನು ಉಳಕ್ಕೆ ಎಲೆ ತಿನ್ಸುದ್ನಲ್ಲ. ಉಳನೇ ತಿನ್ನೋ ಎಲೆ ಕೊಳ್ಳೇಗಾಲದಾಗೆ ನೇತಾಡ್ತಾ ಅದೆ ಕಣೇ! ಇಷ್ಟ್ ದಿವ್ಸ ಯಾರೂ ಏಳ್ನೇ ಇಲ್ವಲ್ಲ ನಂಗೆ.”

ಫೋನಿನಲ್ಲಿ ಹುಡುಕಿ, “ಇದಕ್ಕೆ ಹೂಜಿ ಗಿಡ ಅಂತಾರೆ ದೊಡ್ಡವ್ವ” ಅಂದೆ.

ಅವಳ ಮುಖ ಕೆಟ್ಟಿತು. “ಊಜಿನಾ?”

ನಮ್ಮ ಕಡೆ ಹಕಾರ ಬಾಯಿಗೆ ಬರುವುದಿಲ್ಲ. ಊಜಿ ಅಂದರೆ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ನೊಣ. ಅವಳ ಜೀವಮಾನದ ಶತ್ರು. ನೀರು ತುಂಬುವ ಹೂಜಿ ಎಂದು ವಿವರಿಸಿದ ಮೇಲೆ ಅವಳು ಎಷ್ಟು ನಕ್ಕಳೆಂದರೆ ಕೆಮ್ಮು ಹತ್ತಿ ಗೋಡೆ ಹಿಡಿದುಕೊಂಡಳು. “ಊಜಿ ತಿನ್ನೋ ಗಿಡಕ್ಕೆ ಊಜಿ ಅಂತ್ಲೇ ಎಸ್ರು ಮಡಗವ್ರಲ್ಲ!”

ನರ್ಸರಿಯಿಂದ ಒಂದು ಗಿಡ ತರೋಣ ಅಂದೆ. ಒಪ್ಪಲಿಲ್ಲ. “ಬೆಳ್ದಿರೋದ್ ಯಾರಿಗ್ ಬೇಕು? ಮೊಟ್ಟೆಯಿಂದ ನೋಡ್ಬೇಕು.”

“ಅದಕ್ಕೆ ಮೊಟ್ಟೆ ಎಲ್ಲಿ ದೊಡ್ಡವ್ವ, ಬೀಜ.”

“ಬೀಜ್ವೇ ಗಿಡುದ್ ಮೊಟ್ಟೆ. ಅದು ಎದ್ದು, ಬೆಳ್ದು, ಎಬ್ಬೆಟ್ಟಿನಷ್ಟ್ ಊಜಿ ಬುಟ್ಟು ಮುಚ್ಚಳ ತೆಗಿಯೋಗಂಟ ನೋಡ್ಬೇಕು. ಅಷ್ಟೇ ನನ್ನಾಸೆ.”

ಬೀಜ ಅಂಚೆಯಲ್ಲಿ ಬಂತು. ಮಡಿಸಿದ ಕಾಗದದೊಳಗೆ ಕಂದು ಬಣ್ಣದ ಕಸ. ಮೋಸ ಹೋದೆವೆಂದು ನನಗೆ ನಾಚಿಕೆಯಾಯಿತು. ಅವಳು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, “ಎಳೆ ಕಣೇ” ಅಂದಳು. ನಿಜ. ಪ್ರತಿ ಬೀಜವೂ ಒಂದು ಎಳೆ; ನಡುವೆ ಮಾತ್ರ ಸೂಜಿಮೊನೆಯಷ್ಟು ಉಬ್ಬು. ತುರುಬಿನಿಂದ ಪುಕ್ಕ ತೆಗೆದಳು. ಹತ್ತಾರು ಸಲ ತೊಳೆದ ತೆಂಗಿನ ನಾರಿನ ಪುಡಿಯ ಮೇಲೆ ಒಂದೊಂದೇ ಎಳೆಯನ್ನು ಸರಿಸಿ ಮಲಗಿಸಿದಳು. ಚಾಕಿಗೆ ಮಾಡುವಂತೆಯೇ ಸುತ್ತ ಒದ್ದೆ ಸ್ಪಂಜಿನ ಪಟ್ಟಿ, ಮೇಲೆ ಮೇಣದ ಕಾಗದ. ಫೋನಿನಲ್ಲಿ ನಾನು ಓದಿ ಹೇಳಿದ್ದಕ್ಕಿಂತ ಅವಳ ಏರ್ಪಾಡೇ ಚೆನ್ನಾಗಿತ್ತು.

ಈ ಗಿಡಕ್ಕೆ ಬೋರ್‌ವೆಲ್ ನೀರು ಆಗದು, ಅದರ ಉಪ್ಪು ಸುಣ್ಣಕ್ಕೆ ಬೇರು ಸಾಯುತ್ತದೆ ಎಂದೂ ಓದಿ ಹೇಳಿದ್ದೆ. ಈ ಮಾತನ್ನು ನಾನೇ ಓದಿದ್ದು ಎನ್ನುವುದನ್ನು ಮುಚ್ಚಿಡಲಾರೆ. ಮಳೆನೀರು ಮುಗಿದಾಗ ಅವಳು ಯಳಂದೂರಿಗೆ ಆಟೊದಲ್ಲಿ ಹೋಗಿ, ಎಟಿಎಮ್ಮಿನ ಏಸಿ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಕ್ಯಾನ್ ಇಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಲ್ಲಿನ ಗಾರ್ಡು, “ಎಲ್ರೂ ದುಡ್ಡು ಡ್ರಾ ಮಾಡುದ್ರೆ ಈವಮ್ಮ ನೀರು ಡ್ರಾ ಮಾಡ್ತದಲ್ಲಾ!” ಎಂದು ಹಾಸ್ಯ ಮಾಡಿದ. ದೊಡ್ಡವ್ವ ತಿರುಗಿಯೂ ನೋಡಲಿಲ್ಲ. “ದುಡ್ಡಿಲ್ಲ ಅಂತ ಬೋರ್ಡ್ ನೇತಾಕಿದ್ದೀಯಲ್ಲ ಸಾಮಿ. ನೀರಾದ್ರೂ ಬತ್ತದೆ, ಬುಡು.”

ಒಂದೂವರೆ ತಿಂಗಳು ಏನೂ ಆಗಲಿಲ್ಲ. ನಾನು ನೋಡುವುದನ್ನೇ ಬಿಟ್ಟೆ. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಕೂಗಿದಳು: “ಬಾ, ಎದ್ದವೆ!”

ಕಾಲು ತೊಳೆದು ಹೋದೆ. ಕಂದು ಪುಡಿಯ ಮೇಲೆ ಹಸಿರು ಚುಕ್ಕೆಗಳು. ಕೆಲವು ತಿಂಗಳಲ್ಲಿ ಆ ಚುಕ್ಕೆಗಳಿಂದ ಎಲೆ ಬಂತು ಎಂದು ನಾನು ಬರೆಯಬೇಕಿತ್ತು; ಆದರೆ ಬಂದದ್ದು ಎಲೆಯಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಹೂಜಿಗಳು. ಪ್ರತಿಯೊಂದಕ್ಕೂ ಬಾಯಿ, ಬಾಯಿಗೆ ಅಂಚು, ಮೇಲೆ ಮುಚ್ಚಳ. ಒಂದರೊಳಗೆ ಕಣ್ಣಿಗೆ ಕಾಣದಂಥ ಯಾವುದೋ ಜೀವಿಯ ಕಪ್ಪು ಚುಕ್ಕೆ ಬಿದ್ದಿತ್ತು. ಇನ್ನೂ ನೆಲಕ್ಕೆ ಸರಿಯಾಗಿ ಬೇರೂರದ ಕೂಸು ಆಗಲೇ ಬೇಟೆಯಾಡಿತ್ತು. ದೊಡ್ಡವ್ವ ನನ್ನ ಕೈ ಹಿಡಿದುಕೊಂಡಳು.

ಎಣಿಸಿದಾಗ ಎಪ್ಪತ್ತೊಂದು ಇದ್ದವು. ದಿನಕ್ಕೆರಡು ಸಲ ಎಣಿಸುತ್ತಿದ್ದಳು.

ಮುಂದಿನ ಚಳಿಗಾಲದಲ್ಲಿ ಉಬ್ಬಸ ಹೆಚ್ಚಾಗಿ ಅವಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಕೋಣೆಯ ಬೀಗದ ಕೈಯನ್ನು ನನಗೆ ಕೊಟ್ಟಳು. ಐದನೇ ದಿನ ಫೋನ್ ಬಂತು. ಅವಳ ಉಸಿರು ಮಾತಿಗಿಂತ ಜೋರಾಗಿ ಕೇಳುತ್ತಿತ್ತು.

“ಎಂಗವೆ?”

“ಸುಮ್ನೆ ಕೂತವೆ ದೊಡ್ಡವ್ವ. ಒಂದೂ ಹೊಸ ಎಲೆ ಬುಟ್ಟಿಲ್ಲ.”

“ಜ್ವರಕ್ಕೆ ಕೂತವೆ. ನೋಡ್ಕೋ ಕೂಸೇ.”

ಅಷ್ಟೇ. ಫೋನನ್ನು ಯಾರೋ ಇಸಿದುಕೊಂಡರು.

ಮರುದಿನ ಬೆಳಿಗ್ಗೆ ಮೇಣದ ಕಾಗದ ಎತ್ತಿದೆ. ಗಿಡಗಳು ಅಲುಗಾಡದೆ ಕೂತಿದ್ದವು. ತಟ್ಟೆ ಒದ್ದೆಯಾಗಿತ್ತು. ಜ್ವರಕ್ಕೆ ಕೂತಿವೆ, ತಟ್ಟೆ ಒದ್ದೆಯಿದೆ: ಈ ಎರಡು ಸಂಗತಿ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ನನ್ನ ಕೈಗೆ ಗೊತ್ತಿತ್ತು. ದೊಡ್ಡವ್ವ ಮಾಡುತ್ತಿದ್ದುದನ್ನು ಚಿಕ್ಕಂದಿನಿಂದ ನೋಡಿದ್ದೆ. ಮೂಲೆಯ ಡಬ್ಬದಲ್ಲಿ ಹಳೆಯ ಸುಣ್ಣದ ಪುಡಿ ಇತ್ತು. ತೆಳುಬಟ್ಟೆಯಲ್ಲಿ ಕಟ್ಟಿದೆ. ಎಲ್ಲಕ್ಕೂ ಸಮನಾಗಿ ಬೀಳುವಂತೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಕಾಗದ ಮಡಿಚಿಕೊಂಡಿದ್ದ ಒಂದು ಮೂಲೆಗೆ ಮಾತ್ರ ಬೀಳಲಿಲ್ಲ. ಚೆನ್ನಾಗಿ ಮಾಡಿದೆನೆಂಬ ತೃಪ್ತಿಯಲ್ಲಿ ಬಾಗಿಲು ಹಾಕಿದೆ. ನಾನೇ ಓದಿ ಹೇಳಿದ ಮಾತು ಆಗ ನೆನಪಿಗೆ ಬರಲಿಲ್ಲ.

ಮಾರನೆಯ ದಿನ ಅಂಚುಗಳು ಕಂದಾಗಿದ್ದವು. ಆಗ ನೆನಪಾಯಿತು. ಕ್ಯಾನಿನಲ್ಲಿದ್ದ ನೀರನ್ನೆಲ್ಲ ಸುರಿದು ತೊಳೆದೆ. ಮೂರನೆಯ ದಿನಕ್ಕೆ ತಟ್ಟೆಯಲ್ಲಿ ಹಸಿರು ಇರಲಿಲ್ಲ, ಆ ಮೂಲೆಯ ಮೂರನ್ನು ಬಿಟ್ಟು. ಮತ್ತೆ ಫೋನ್ ಬಂದಾಗ “ಅವೆ” ಎಂದಷ್ಟೇ ಹೇಳಿದೆ. ಮೂರು ಇದ್ದವಲ್ಲ.

ಹನ್ನೆರಡನೆಯ ದಿನ ಅವಳು ಬಂದಳು. ಕಾರಿನಿಂದಿಳಿದು, ಕಾಲು ತೊಳೆದು, ಗೋಡೆ ಹಿಡಿದು ಒಳಗೆ ಹೋದಳು. ನಾನು ಹೊಸಿಲಲ್ಲೇ ನಿಂತೆ. ಕಾಗದ ಎತ್ತಿದ ಸದ್ದು ಕೇಳಿತು.

“ಸುಣ್ಣ ಆಕ್ದಾ?”

“ಊಂ.”

“ನಾನು ಜ್ವರ ಅಂದ್ನಲ್ಲ, ಅದ್ಕೆ.”

ನಾನು ಅಳುತ್ತಿದ್ದೆ. ಅವಳು ತಿರುಗಲಿಲ್ಲ. ಪುಕ್ಕದಿಂದ ಸತ್ತವುಗಳನ್ನು ಒಂದೊಂದಾಗಿ ಒಂದು ಕಡೆ ಸರಿಸುತ್ತಾ ಹೇಳಿದಳು: “ನಿಂದೇನೂ ಇಲ್ಲ ಬುಡು. ಗಿಡುಕ್ಕೆ ಉಳದ ಮಾತು ಆಡುದ್ನಲ್ಲ ನಾನು, ತಪ್ಪು ನಂದು. ಗಿಡುದ್ ಮಾತು ನಂಗಿನ್ನೂ ಬರದಿಲ್ಲ.” ಮೂಲೆಗೆ ಬಂದು ಪುಕ್ಕ ನಿಲ್ಲಿಸಿ, “ಮೂರವೆ. ಯಾಕಲ್ಲೇ ನಿಂತಿದ್ದೀಯೆ? ಕಾಲ್ ತೊಳ್ಕಂಡ್ ಬಾ” ಅಂದಳು.

ಅಂದು ಮೊದಲ ಬಾರಿಗೆ ಪುಕ್ಕವನ್ನು ನನ್ನ ಕೈಗೆ ಕೊಟ್ಟಳು. ಮೂರನ್ನೂ ಹೊಸ ತಟ್ಟೆಗೆ ನಾನೇ ಸರಿಸಿದೆ. ಅವಳು ನನ್ನ ಕೈ ನೋಡಲಿಲ್ಲ; ಗಿಡ ನೋಡುತ್ತಿದ್ದಳು.

ತೇವದ ಕೋಣೆಗೆ ಹೋಗಲೇಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಮುಂದಿನ ಎರಡು ವರ್ಷ ಅವಳು ಹೊಸಿಲಾಚೆ ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿದ್ದಳು, ನಾನು ಒಳಗಿನಿಂದ ಹೇಳುತ್ತಿದ್ದೆ. ನೋಡಿದಷ್ಟನ್ನೇ ಹೇಳಬೇಕು. “ಚೆನ್ನಾಗದೆ” ಅಂದರೆ ರೇಗುತ್ತಿದ್ದಳು. “ಚೆನ್ನಾಗಿರೋದ್ ಆಮೇಲೆ. ಎಷ್ಟೆಲೆ? ಬಳ್ಳಿ ಎಷ್ಟುದ್ದ? ತುದಿ ಎತ್ಲಾಗ್ ತಿರ್ಗದೆ?” ನಾನು ಏನನ್ನಾದರೂ ಸರಿಯಾಗಿ ನೋಡಲು ಕಲಿತಿದ್ದರೆ ಆ ಹೊಸಿಲಲ್ಲಿ.

ಎರಡು ಗಿಡ ಸಣ್ಣವಾಗಿಯೇ ಉಳಿದವು. ಮೂರನೆಯದರ ಒಂದು ಎಲೆಯ ತುದಿ ಊದಿಕೊಳ್ಳತೊಡಗಿತು. ಹೆಬ್ಬೆಟ್ಟಿನ ಗಾತ್ರಕ್ಕೆ ಬಂದರೂ ಮುಚ್ಚಳ ಬಿಗಿದೇ ಇತ್ತು. ಅಷ್ಟರಲ್ಲಿ ದೊಡ್ಡವ್ವ ಕುರ್ಚಿಯಿಂದ ಮಂಚಕ್ಕೆ ಹೋಗಿದ್ದಳು. ದಿನಾ ಕೇಳುವ ಪ್ರಶ್ನೆ ಈಗ ಒಂದೇ: “ತೆಗೀತಾ?”

ಮಳೆ ನಿಂತ ಒಂದು ಬೆಳಿಗ್ಗೆ ಅಂಚಿನಲ್ಲಿ ಉಗುರಿನ ಸಂದಿಯಷ್ಟು ಬಿರುಕು ಕಂಡಿತು. ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮಂಚದ ಪಕ್ಕಕ್ಕೆ ತಂದೆ. ಕಿಟಕಿಯ ಬೆಳಕು ಬೀಳುವಂತೆ ಇಟ್ಟೆ. ಇಬ್ಬರೂ ಕಾದೆವು. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ಎದ್ದು ನಿಂತಿತ್ತು. ಅವಳು ಭೂತಗನ್ನಡಿ ಕೇಳಿದಳು. ಹಿಡಿಯಲು ಶಕ್ತಿಯಿರಲಿಲ್ಲ, ನಾನು ಹಿಡಿದೆ.

“ಒಳಗೆ ನೀರದೆ” ಅಂದಳು.

“ಹೌದು ದೊಡ್ಡವ್ವ.”

“ಈಗ್ತಾನೆ ತೆಗ್ದದೆ ಬಾಯ. ಮಳೆ ಬಿದ್ದಿಲ್ಲ, ನೀನ್ ಉಯ್ದಿಲ್ಲ.” ಉಸಿರು ತೆಗೆದುಕೊಂಡಳು. “ಮುಚ್ಚಿದ್ದಾಗ್ಲೇ ಯಾರ್ ತುಂಬುದ್ರು ಕೂಸೇ?”

ಗಿಡವೇ ತನ್ನೊಳಗಿಂದ ತುಂಬಿಕೊಳ್ಳುತ್ತದೆ ಎಂದು ನಾನು ಓದಿದ್ದೆ. ಹೇಳಲಿಲ್ಲ. ಅವಳು ಉತ್ತರ ಕೇಳುತ್ತಿರಲಿಲ್ಲ. ಆ ಮುಖವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ, ಮೊಟ್ಟೆಯ ಹಾಳೆಯ ಮೇಲೆ ಮೊದಲ ಹುಳು ಅಲುಗಿದಾಗ.

ಒಂಬತ್ತನೆಯ ದಿನ ತೀರಿಕೊಂಡಳು. ಹೆಂಗಸರು ಸ್ನಾನ ಮಾಡಿಸಿ, ಹೂ ಮುಡಿಸಲು ತುರುಬು ಬಿಚ್ಚಿದಾಗ ಪುಕ್ಕ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಯಾರೂ ಬೇಡವೆನ್ನಲಿಲ್ಲ.

ಮೂರೂ ಗಿಡಗಳು ಈಗ ನನ್ನ ಬಳಿ ಇವೆ. ಚಳಿ ಬಂದಾಗ ಎಲೆ ಬಿಡುವುದನ್ನು ನಿಲ್ಲಿಸುತ್ತವೆ. ಬೀದಿಯವರು ಗೋಡೆಯಾಚೆಯಿಂದ “ಎಂಗವೆ ನಿಮ್ ದೊಡ್ಡವ್ವನ್ ಗಿಡ?” ಎಂದು ಕೇಳುತ್ತಾರೆ. “ಸುಮ್ನೆ ಕೂತವೆ” ಅನ್ನುತ್ತೇನೆ. ಜ್ವರದ ಮಾತು ನಾಲಗೆಯ ತುದಿಗೆ ಬರುತ್ತದೆ. ಅದನ್ನು ಅಲ್ಲಿಯೇ ತಡೆದು, ಕಾಲು ತೊಳೆದು, ಒಳಗೆ ಹೋಗುತ್ತೇನೆ.