ಕಂಡಕ್ಟರಮ್ಮನ ನೀರಿನ ಮಾತ್ರೆ

ನಿಜ ಹೇಳಿ ನೋಡೋಣ, ಬೆಳಿಗ್ಗೆ ಸಲೀಸಾಗಿ ಹಾಕ್ಕೊಂಡ ಚಪ್ಪಲಿ ಸಾಯಂಕಾಲ ಕಚ್ಚುತ್ತಾ? ಕಾಲ್ಚೀಲ ಬಿಚ್ಚಿದ ಮೇಲೂ ಅದರ ಗೆರೆ ಕಾಲ್ಮೇಲೆ ಹಾಗೇ ಕೂತಿರುತ್ತಾ? ನೋಡ್ಕೊಳ್ಳಿ, ನಾನೇನೂ ಇಣುಕಲ್ಲ. ಮೂವತ್ತಾರು ವರ್ಷ ನರ್ಸಾಗಿ ಊರೋರ ಕಾಲೆಲ್ಲ ಒತ್ತಿ ನೋಡಿದೀನಿ, ನಿಮ್ಮದೊಂದು ಬಿಟ್ರೆ ನನಗೇನೂ ನಷ್ಟ ಇಲ್ಲ.

ಈಗ ನಾನು ಜೆಪಿ ನಗರದಲ್ಲಿ ಮೊಮ್ಮಗಳ ಜೊತೆ ಜಗಳ ಆಡ್ಕೊಂಡಿರೋ ಅಜ್ಜಿ. ಮೊಬೈಲಲ್ಲಿ ಕನ್ನಡ ಟೈಪ್ ಮಾಡೋದು ಅವಳೇ ಕಲಿಸಿದ್ದು, ಹೋದ ತಿಂಗಳು. "ಅಜ್ಜಿ, ಒಂದೊಂದು ಅಕ್ಷರಕ್ಕೂ ಇಂಜೆಕ್ಷನ್ ಚುಚ್ಚೋ ಹಾಗೆ ಚುಚ್ತೀಯಲ್ಲ" ಅಂತಾಳೆ. ಚುಚ್ಚೋದೇ ನನ್ನ ಕಸುಬು, ಏನ್ಮಾಡ್ಲಿ. ಮೊದಲು ಟೈಪ್ ಮಾಡಿದ್ದು ಉಪ್ಸಾರು ಮಾಡೋ ಕ್ರಮ. ಎರಡನೇದು ಇದು. ಇದನ್ನ ನಮ್ಮ ಮನೇಲಿ ಯಾರಿಗೂ ಪೂರ್ತಿ ಹೇಳಿಲ್ಲ.

ಇದಾಗಿದ್ದು ಎರಡು ವರ್ಷದ ಹಿಂದೆ, ನಾನು ರಿಟೈರ್ ಆಗೋ ವರ್ಷ. ಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಲ್ಲಿ ಹಾರ್ಟ್ ಓಪಿಡಿ ನನ್ನ ಡ್ಯೂಟಿ. ಡಾಕ್ಟರ ರೂಮಿನ ಹೊರಗೆ ನನ್ನ ಟೇಬಲ್. ಬಿಪಿ ನೋಡೋದು, ತೂಕ ನೋಡೋದು, ಡಾಕ್ಟರು ಬರೆದ ಮಾತ್ರೆ ಯಾವಾಗ ಹೇಗೆ ತಗೋಬೇಕು ಅಂತ ಬಿಡಿಸಿ ಹೇಳೋದು. ಬಾಯಿ ಜೋರಿತ್ತು ನಂದು. ಜನ ಡಾಕ್ಟರಿಗಿಂತ ನನಗೇ ಹೆದರ್ತಿದ್ರು, ಅದು ನನಗೆ ಒಳಗೊಳಗೇ ಖುಷಿ.

ಚಂದ್ರಕಲಾ ಬಂದಿದ್ದು ಜನವರಿಯಲ್ಲಿ. ಐವತ್ತೆರಡು ವರ್ಷ, ಸಿಟಿ ಬಸ್ ಕಂಡಕ್ಟರ್, ಮನೆ ಸುದ್ದಗುಂಟೆಪಾಳ್ಯ. ಗಂಡ ಇಲ್ಲ. ಮಗಳು ಕಾವ್ಯ ಕಾಲೇಜಲ್ಲಿ ಓದ್ತಿದ್ಲು. ಎರಡೂ ಕಾಲು ಊದಿ ದಿಂಬಾಗಿತ್ತು, ಮೆಟ್ಟಿಲು ಹತ್ತಿದ್ರೆ ಏದುಸಿರು. ಅಂಥದ್ರಲ್ಲೂ ನನ್ನ ಟೇಬಲ್ ಮುಂದೆ ಜನ ಮುತ್ಕೊಂಡಿದ್ದು ನೋಡಿ, "ಒಳಗಡೆ ನಡೀರಿ ಒಳಗಡೆ, ಮಧ್ಯ ಜಾಗ ಖಾಲಿ ಇದೆ!" ಅಂತ ಕೂಗಿದ್ಲು. ಎಲ್ಲರೂ ನಿಜವಾಗ್ಲೂ ಒಂದು ಹೆಜ್ಜೆ ಸರಿದ್ರು. ಅವತ್ತೇ ನಂಗೆ ಇಷ್ಟ ಆಗ್ಬಿಟ್ಲು.

ಎದೆಗೆ ಎಕೋ ಸ್ಕ್ಯಾನ್ ಮಾಡಿದ್ರೆ ಹಾರ್ಟು ಪಂಪ್ ಮಾಡೋ ಶಕ್ತಿ ಕಮ್ಮಿಯಾಗಿತ್ತು. ಹಾಗಾದಾಗ ಮೈಯಲ್ಲಿ ಉಪ್ಪು ನೀರು ನಿಂತ್ಕೊಳ್ಳುತ್ತೆ. ಮೊದಲು ಕಾಲಲ್ಲಿ, ಆಮೇಲೆ ಹೊಟ್ಟೇಲಿ, ಕೊನೆಗೆ ಶ್ವಾಸಕೋಶದಲ್ಲಿ. ಅದನ್ನ ಇಳಿಸೋಕೆ ಕೊಡೋದು ಡೈಯುರೆಟಿಕ್, ನಮ್ಮ ಜನ ನೀರಿನ ಮಾತ್ರೆ ಅಂತಾರೆ. ಕಿಡ್ನಿ ಮೂಲಕ ಉಪ್ಪು ನೀರು ಎರಡನ್ನೂ ಹೊರಗೆ ಹಾಕ್ಸುತ್ತೆ. ನುಂಗಿ ಒಂದು ಗಂಟೆಯೊಳಗೆ ಶುರು, ಸುಮಾರು ಆರು ಗಂಟೆ ಅದರದ್ದೇ ದರ್ಬಾರು. ಐದು ದಿನ ಅಡ್ಮಿಟ್ ಮಾಡ್ಕೊಂಡ್ವಿ. ಐದು ಕೆಜಿ ನೀರು ಇಳೀತು. ಹೋಗೋ ದಿನ ಕಾಲು ತೋರ್ಸಿ, "ನೋಡಿ ಸಿಸ್ಟರ್, ಕಾಲ್ಗೆಜ್ಜೆ ಹಾಕ್ಕೊಳೋ ಹಾಗಾಯ್ತು" ಅಂತ ಕುಣಿದ್ಲು.

ನಾನು ಪಾಠ ಒಪ್ಪಿಸ್ದೆ. ನಲವತ್ತು ಎಂಜಿ, ದಿನಾ ಒಂದು, ಬೆಳಿಗ್ಗೆ ಎಂಟಕ್ಕೆ. ಸಾಯಂಕಾಲ ತಗೊಂಡ್ರೆ ರಾತ್ರಿಯಿಡೀ ಬಚ್ಚಲಿಗೆ ಓಡ್ಬೇಕು. ದಿನಾ ಎದ್ದ ತಕ್ಷಣ ತೂಕ ನೋಡಿ ಬರಿ, ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಫೋನ್ ಮಾಡು. ಉಪ್ಪಿನಕಾಯಿ ಹಪ್ಪಳ ಮುಟ್ಬೇಡ. ಮಂಡಿ ನೋವು ಅಂತ ಮೆಡಿಕಲ್ ಶಾಪಲ್ಲಿ ನೋವಿನ ಮಾತ್ರೆ ಕೇಳಿ ತಗೋಬೇಡ, ಕಿಡ್ನಿಗೆ ಕಷ್ಟ. ಕೂತಿದ್ದೋಳು ದಡಬಡ ಅಂತ ಏಳ್ಬೇಡ, ಬಿಪಿ ಇಳಿದು ತಲೆ ಸುತ್ತುತ್ತೆ. ಈ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಮ್ಮನ್ನೂ ತಗೊಂಡ್ಹೋಗುತ್ತೆ, ಅದು ಇಳಿದ್ರೆ ಹಾರ್ಟಿನ ತಾಳ ತಪ್ಪುತ್ತೆ, ಅದಕ್ಕೇ ರಕ್ತ ಟೆಸ್ಟ್ ತಪ್ಪಿಸ್ಬೇಡ. ನೀರು ದಿನಕ್ಕೆ ಒಂದೂವರೆ ಲೀಟರ್ ಮೀರ್ಬೇಡ. ಎಲ್ಲಾ ಹೇಳ್ದೆ. ತೂಕ ಬರೆಯೋ ಪುಸ್ತಕದ ಮೊದಲ ಪುಟದಲ್ಲಿ ನನ್ನ ನಂಬರೂ ಬರ್ಕೊಟ್ಟೆ. ಅವಳ ಡ್ಯೂಟಿ ಎಷ್ಟು ಹೊತ್ತಿಗೆ ಶುರು ಅಂತ ಮಾತ್ರ ಕೇಳ್ಲಿಲ್ಲ.

ಅವಳದು ಫಸ್ಟ್ ಶಿಫ್ಟು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡು. ಬನಶಂಕರಿಯಿಂದ ಬಿಟಿಎಂ, ಗಂಟೆಗಟ್ಲೆ ಜಾಮಾಗೋ ಸಿಲ್ಕ್ ಬೋರ್ಡ್ ದಾಟಿ ಆ ಕಡೆ.

ಫೆಬ್ರವರಿಯಲ್ಲಿ ಬಂದಾಗ ಕಾಲು ಸ್ವಲ್ಪ ಊದಿತ್ತು. ಮಾರ್ಚ್ ಕೊನೇಲಿ ಬಂದಾಗ ಒತ್ತಿದ ಬೆರಳಿನ ಗುಳಿ ಹಾಗೇ ನಿಂತ್ಕೊಳ್ತು, ತೂಕ ನಾಲ್ಕು ಕೆಜಿ ಜಾಸ್ತಿ. ಪುಸ್ತಕದಲ್ಲಿ ನೋಡಿದ್ರೆ ಮುತ್ತು ಪೋಣಿಸಿದ ಹಾಗೆ ದಿನಾ ಅದೇ ಅರವತ್ತೊಂದು, ಅರವತ್ತೊಂದು. ನಂಗೆ ಅನುಮಾನ ಬಂತು. ಮೆಲ್ಲಗೆ ಕೇಳ್ದೆ, "ಮಾತ್ರೆ ನುಂಗಿದ ಮೇಲೆ ಎಷ್ಟು ಸಲ ಬಾತ್ರೂಮಿಗೆ ಹೋಗ್ತೀಯೆ?"

"ಎಲ್ಲರ ಹಾಗೇ ಸಿಸ್ಟರ್, ಒಂದೋ ಎರಡೋ."

ಸಿಕ್ಕಿಬಿದ್ಲು. ಆ ಮಾತ್ರೆ ನುಂಗಿದೋರು ಯಾರೂ ಹಾಗೆ ಹೇಳಲ್ಲ. ಬ್ಯಾಗ್ ತೆಗ್ಸಿದ್ರೆ ಮಾತ್ರೆ ಸ್ಟ್ರಿಪ್ಪು ತುಂಬಿ ಕೂತಿತ್ತು. "ವೀಕ್ಲಿ ಆಫ್ ದಿನ ತಪ್ಪದೆ ತಗೋತೀನಿ ಸಿಸ್ಟರ್" ಅಂದ್ಲು, ಮಕ್ಕಳು ಹೋಂವರ್ಕ್ ಬಗ್ಗೆ ಹೇಳೋ ಹಾಗೆ.

ಓಪಿಡಿ ತುಂಬಾ ಜನ. ನಾನು ಎಲ್ಲರೆದುರಿಗೂ ಬೈದೆ. "ಸಾಯ್ಬೇಕು ಅಂತಿದೀಯಾ? ಮಗಳನ್ನ ಬೀದಿಗೆ ಬಿಟ್ಟು ಹೋಗ್ಬೇಕಾ? ಪುಸ್ತಕದಲ್ಲಿ ಸುಳ್ಳು ಬರೀತೀಯಲ್ಲ, ನಾಚಿಕೆ ಆಗಲ್ವಾ?"

ಅವಳು ತಲೆ ತಗ್ಗಿಸಿ, "ಸಿಸ್ಟರ್, ಸಿಲ್ಕ್ ಬೋರ್ಡಲ್ಲಿ ಬಸ್ ಒಂದ್ಸಲ ನಿಂತ್ಬಿಟ್ರೆ..." ಅಂತ ಶುರು ಮಾಡಿದ್ಲು.

"ಕಥೆ ಬೇಡ. ತಗೋತೀಯೋ ಇಲ್ವೋ, ಅಷ್ಟು ಹೇಳು."

"ತಗೋತೀನಿ." ಆಮೇಲೆ ನನ್ನ ಕೈ ಹಿಡ್ಕೊಂಡು, ಬೇರೆ ಯಾರಿಗೂ ಕೇಳ್ಸದ ಹಾಗೆ, "ಡಾಕ್ಟರಿಗೆ ಹೇಳ್ಬೇಡಿ ಸಿಸ್ಟರ್. ಅನ್‌ಫಿಟ್ ಅಂತ ಬರ್ದ್ಬಿಟ್ರೆ ನನ್ನ ಕೆಲಸ ಹೋಗುತ್ತೆ, ಕಾವ್ಯಂದು ಓದು ಇನ್ನೂ ಇದೆ" ಅಂದ್ಲು.

ಅಷ್ಟು ಬೈದಿದ್ನಲ್ಲ, ಪಾಪ ಅನ್ನಿಸ್ತು. ಹೂಂ ಅಂದೆ.

ಒಳಗೆ ಡಾಕ್ಟರು ಕಾಲು ನೋಡಿದ್ರು, ತೂಕ ನೋಡಿದ್ರು. "ನಲವತ್ತು ಸಾಲ್ತಾ ಇಲ್ಲ. ದಿನಾ ಎರಡು ಮಾಡೋಣ. ಹತ್ತು ದಿನ ಬಿಟ್ಟು ರಕ್ತ ಟೆಸ್ಟ್" ಅಂತ ಬರೆದ್ರು. ತಗೊಳ್ಳದೇ ಇರೋ ಮಾತ್ರೆ ಸಾಲ್ತಿಲ್ಲ ಅಂತ ಡೋಸ್ ಡಬಲ್ ಆಯ್ತು. ಅವಳು ನನ್ನ ಮುಖ ನೋಡಿದ್ಲು. ನಾನು ಬಿಪಿ ಮಿಷಿನ್ ಪಟ್ಟಿ ಸುತ್ತುತ್ತಾ ನಿಂತಿದ್ದೆ. ಎರಡು ತಗೊಂಡ್ರೆ ನೀರು ಬೇಗ ಇಳಿಯುತ್ತೆ ಬಿಡು ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ. ಎಂಟು ಸೆಕೆಂಡಿನ ಕೆಲಸ ಇತ್ತು, ಬಾಯಿ ಬಿಡ್ಲಿಲ್ಲ.

ಎಂಟನೇ ದಿನ, ಗುರುವಾರ, ಮಧ್ಯಾಹ್ನ ಹನ್ನೆರಡರ ಹತ್ರ ಕಾವ್ಯ ಫೋನ್ ಮಾಡಿದ್ಲು. ಮಡಿವಾಳದ ಹತ್ರ ಟಿಕೆಟ್ ಕೊಡ್ತಾ ಕೊಡ್ತಾನೇ ಅಮ್ಮ ಕುಸಿದು ಬಿದ್ಲು ಅಂತ. ಆಟೋ ಹಿಡಿದು ಓಡ್ದೆ. ಡ್ರೈವರ್ರು ಬಸ್ಸನ್ನೇ ಅಲ್ಲೇ ಹತ್ರದ ದೊಡ್ಡಾಸ್ಪತ್ರೆಗೆ ತಿರುಗಿಸಿದ್ರಂತೆ, ಪ್ಯಾಸೆಂಜರ್ ಒಬ್ಬರೂ ಇಳಿದಿರ್ಲಿಲ್ಲ. ಗೇಟಿನ ಹೊರಗೆ ಬಸ್ ನಿಂತಿತ್ತು, ಜನ ಕಿಟಕಿಯಿಂದ ನೋಡ್ತಿದ್ರು.

ಪೊಟ್ಯಾಸಿಯಂ ಮೂರೂವರೆಗಿಂತ ಮೇಲಿರ್ಬೇಕು. ಅವಳದು ಎರಡು ಪಾಯಿಂಟ್ ಮೂರು. ಬಿಪಿ ಸಿಕ್ತಾನೇ ಇರ್ಲಿಲ್ಲ. ಹಾರ್ಟಿನ ತಾಳ ಕೆಟ್ಟು ಹೋಗಿತ್ತು. ಎರಡು ಸಲ ಶಾಕ್ ಕೊಟ್ಟು ತಂದ್ರು, ಮೂರನೇ ಸಲ ಬರ್ಲಿಲ್ಲ. ಸಾಯಂಕಾಲ ನಾಲ್ಕು ಗಂಟೆಗೆ ಹೋದ್ಲು.

"ಒಂದು ವಾರದಿಂದ ದಿನಾ ಎರಡೂ ನುಂಗ್ತಿದ್ಲು" ಅಂದ್ಲು ಕಾವ್ಯ. "ಬಸ್ ಹತ್ತೋದ್ರೊಳಗೆ ಮುಗೀಲಿ ಅಂತ ನಾಲ್ಕಕ್ಕೇ ಎದ್ದು ನುಂಗ್ತಿದ್ಲು. ಮೂರು ದಿನದಿಂದ ತಲೆ ಸುತ್ತು, ಮೀನಖಂಡ ಹಿಡ್ಕೊಳ್ತಿತ್ತು. ಹೋಗೋಣ ಅಂದ್ರೆ, ಬೇಡ, ಸಿಸ್ಟರ್ ಬೈತಾರೆ ಅಂದ್ಲು."

ಡ್ರೈವರ್ರು ಅವಳ ಬ್ಯಾಗ್ ತಂದು ಕೊಟ್ರು. ಅದರಲ್ಲಿ ನೀರಿನ ಬಾಟಲಿ, ಬೆಳಿಗ್ಗೆ ಕಾವ್ಯ ತುಂಬಿಸಿದ್ದು, ಕುತ್ತಿಗೆವರೆಗೂ ತುಂಬಿತ್ತು. "ಏಪ್ರಿಲ್ ಬಿಸಿಲಲ್ಲೂ ಕುಡೀತಿರ್ಲಿಲ್ವಾ?" ಅಂದೆ. "ನಮ್ಮ ಲೇಡಿ ಕಂಡಕ್ಟರ್‌ಗಳು ಯಾರ್ ಕುಡೀತಾರೆ ಮೇಡಂ?" ಅಂದ್ರು ಅವರು. "ಕುಡಿದ್ರೆ ಹೋಗ್ಬೇಕು. ಜಾಮಲ್ಲಿ ಎಲ್ಲಿಗೆ ಹೋಗ್ತಾರೆ? ಡ್ಯೂಟಿ ಮುಗಿಯೋವರೆಗೂ ಒಂದು ಹನಿ ಇಲ್ಲ."

ಡಬಲ್ ಮಾತ್ರೆ ಮೈ ನೀರೆಲ್ಲ ಹಿಂಡ್ತಿದ್ರೆ ಮೇಲಿಂದ ಒಂದು ಹನಿಯೂ ಬೀಳ್ತಿರ್ಲಿಲ್ಲ ಅಂತ ಆಗ ಗೊತ್ತಾಯ್ತು. ಅಲ್ಲೇ ಬೆಂಚ್ ಮೇಲೆ ಕೂತ್ಬಿಟ್ಟೆ. ಯಾಕೆ ಗೊತ್ತಾ? ಮೂವತ್ತಾರು ವರ್ಷ ನಾನೂ ಅದನ್ನೇ ಮಾಡಿದ್ದು. ಓಪಿಡಿ ಶುರುವಾದ್ರೆ ಎದ್ದು ಹೋಗೋಕಾಗಲ್ಲ ಅಂತ ಬೆಳಿಗ್ಗೆ ಅರ್ಧ ಲೋಟ ಕಾಫಿ, ಆಮೇಲೆ ಮಧ್ಯಾಹ್ನದವರೆಗೂ ಏನಿಲ್ಲ. ನಾವು ನರ್ಸುಗಳೆಲ್ಲ ಹಾಗೇ. ನನ್ನ ಬಾಟಲಿಯೂ ದಿನಾ ತುಂಬಿದ್ದೇ ಮನೆಗೆ ವಾಪಸ್ ಬರ್ತಿತ್ತು. ಅವಳಿಗಿದ್ದ ತಾಪತ್ರಯ ಈ ಭೂಮಿ ಮೇಲೆ ಯಾರಿಗಾದ್ರೂ ಗೊತ್ತಿರ್ಬೇಕಿತ್ತು ಅಂದ್ರೆ ಅದು ನನಗೆ.

ಮಾರನೇ ದಿನ ಡಾಕ್ಟರ ಹತ್ರ ಎಲ್ಲಾ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ರು. "ಸಿಸ್ಟರ್, ಡ್ಯೂಟಿ ಮುಗಿಸಿ ಮಧ್ಯಾಹ್ನ ಮೂರಕ್ಕೆ ಒಂದು ಮಾತ್ರೆ ಅಂತ ಬರೀತಿದ್ದೆ. ಅಷ್ಟೇ ಸಾಕಾಗಿತ್ತು." ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ರಿಟೈರ್ ಆಗೋವರೆಗೆ ಇದ್ದ ಏಳು ತಿಂಗಳು ನಾನು ಮಾತ್ರೆ ಬಗ್ಗೆ ಹೇಳೋಕೆ ಮುಂಚೆ ದಿನಚರಿ ಕೇಳ್ತಿದ್ದೆ. ಎಷ್ಟಕ್ಕೆ ಏಳ್ತೀರಿ, ಎಲ್ಲಿ ಕೆಲಸ, ಬಾತ್ರೂಮ್ ಎಷ್ಟು ದೂರ. ಎಷ್ಟು ಜನಕ್ಕೆ ಹೊತ್ತು ಬದಲಾಯಿಸಿ ಬರೆಸಿದೀನೋ ಲೆಕ್ಕ ಇಟ್ಟಿಲ್ಲ. ನಿಮ್ಮ ಮನೇಲೂ ಯಾರಾದ್ರೂ ಈ ಮಾತ್ರೆ ತಗೊಳ್ತಿದ್ರೆ, ಮದುವೆಗೆ ಹೋಗ್ಬೇಕು, ಬಸ್ಸಲ್ಲಿ ಹೋಗ್ಬೇಕು ಅಂತ ಬಿಡ್ತಿದ್ದಾರಾ ಕೇಳಿ. ಬಿಟ್ಟಿದ್ರೆ ಬಿಟ್ಟಿದೀನಿ ಅಂತಲೇ ಡಾಕ್ಟರಿಗೆ ಹೇಳ್ಲಿ. ತಲೆ ಸುತ್ತು, ಕಾಲು ಸೆಳೆತ, ಎದೆ ಡವಡವ ಬಂದ್ರೆ, ವಾಂತಿ ಭೇದಿ ಆದ್ರೆ ಅವತ್ತೇ ತೋರಿಸ್ಲಿ. ಹೊತ್ತು, ಡೋಸು, ಕುಡಿಯೋ ನೀರು ಯಾವುದನ್ನೂ ತಾವೇ ಹೆಚ್ಚು ಕಮ್ಮಿ ಮಾಡೋದು ಬೇಡ.

ಚಂದ್ರಕಲಾಂದು ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಸುದ್ದಗುಂಟೆಪಾಳ್ಯಕ್ಕೆ ಹೋದೆ. ಕಾವ್ಯ ಒಬ್ಬಳೇ ಇದ್ಲು, ಅಮ್ಮನ ಖಾಕಿ ಶರ್ಟು ಮಡಚ್ತಾ ಇದ್ಲು. ಮುಚ್ಚಿಟ್ಟಿದ್ದನ್ನೆಲ್ಲ ಹೇಳ್ದೆ. ಎಲ್ಲರೆದುರಿಗೆ ಬೈದಿದ್ದು, ಅವರಮ್ಮ ಏನೋ ಹೇಳೋಕೆ ಹೋಗಿದ್ದು, ಕಥೆ ಬೇಡ ಅಂದಿದ್ದು, ಡಾಕ್ಟರಿಗೆ ಹೇಳದೇ ಇದ್ದಿದ್ದು. ಕಾವ್ಯ ಮಡಚೋದು ನಿಲ್ಲಿಸ್ಲಿಲ್ಲ.

"ಅವತ್ತು ನಾನು ಬಾಯಿ ಬಿಡ್ಬೇಕಿತ್ತು ಕಣಮ್ಮ" ಅಂದೆ.

"ಬಾಯಿ ಬಿಡೋದು ಆಮೇಲಿನ ಮಾತು ಸಿಸ್ಟರ್" ಅಂದ್ಲು ಕಾವ್ಯ. "ಒಂದು ನಿಮಿಷ ಮುಚ್ಕೊಂಡಿದ್ರೆ ಸಾಕಿತ್ತು. ನಮ್ಮಮ್ಮ ಹೇಳಿ ಮುಗಿಸ್ತಿದ್ಲು."